ಕಾಲು ನಿಂದು, ಸಿಟ್ಟು ನಂದು

ಆಕೆ ತೀರಿಕೊಂಡ ಸುದ್ದಿ ಬಂದಾಗ ನಾನು ಆಂಧ್ರದ ಗಡಿಯ ಹಿಂದೂಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಡ್ಯೂಟಿಯಲ್ಲಿದ್ದೆ. ಜೊತೆಯ ಸಿಸ್ಟರು ಫೋನ್ ಇಟ್ಟು ನನ್ನ ಕಡೆ ತಿರುಗಿ, "ನಿಮ್ಮ ಮೂಳೆ ಮೇಡಂ ಹೋಗ್ಬುಟ್ರಂತೆ ಕಣಕ್ಕ. ಕಲ್ಯಾಣದುರ್ಗದಾಗೆ. ಹಾರ್ಟಂತೆ" ಅಂದಳು. ಸತ್ತವರ ಬಗ್ಗೆ ಒಳ್ಳೆಯ ಮಾತೊಂದು ಆಡಬೇಕಲ್ಲ ಎಂದು, "ಪಾಪ, ಒಳ್ಳೇವ್ರೇ. ಸಿಟ್ಟೊಂದು ಬಿಟ್ರೆ" ಎಂದು ಸೇರಿಸಿದಳು.

ಸಿಟ್ಟೊಂದು ಬಿಟ್ಟರೆ! ಆಕೆಯನ್ನು ಬಲ್ಲವರೆಲ್ಲ ಇದನ್ನೇ ಹೇಳುತ್ತಾರೆ, ಅನ್ನದಲ್ಲಿನ ಕಲ್ಲು ತೆಗೆದು ಪಕ್ಕಕ್ಕಿಟ್ಟ ಹಾಗೆ. ನಾನು ಆಕೆಯ ಎದುರು ಆಪರೇಷನ್ ಟೇಬಲ್ಲಿನ ಆಚೆ ಬದಿಯಲ್ಲಿ ನಿಂತು ವರ್ಷಗಟ್ಟಲೆ ಸಲಕರಣೆ ಕೊಟ್ಟವಳು. ನನ್ನ ಪ್ರಕಾರ ಆಕೆಯಲ್ಲಿದ್ದ ಅತ್ಯಂತ ಒಳ್ಳೆಯ ಗುಣವೇ ಆ ಸಿಟ್ಟು. ಅದನ್ನು ಬಿಟ್ಟು ಆಕೆಯ ಬಗ್ಗೆ ಬರೆಯುವುದಾದರೆ ನಾನು ಬರೆಯುವುದೇ ಇಲ್ಲ.

ಬ್ರಹ್ಮಸಮುದ್ರದ ಕಡೆಯ ಹಳ್ಳಿಯವರು. ಕುಳ್ಳಗಿದ್ದರು. ಆಪರೇಷನ್ ಮಾಡುವಾಗ ಮರದ ಮಣೆಯೊಂದರ ಮೇಲೆ ನಿಲ್ಲುತ್ತಿದ್ದರು. ಮೂಳೆ ಡಾಕ್ಟರೆಂದರೆ ಎತ್ತರದ, ದಪ್ಪ ತೋಳಿನ ಗಂಡಸೇ ಇರಬೇಕೆಂದು ನಮ್ಮ ಜನ ತಿಳಿದಿದ್ದರು. ಹೊಸದಾಗಿ ಬಂದ ರೋಗಿಗಳು ಆಕೆಯನ್ನು ನೋಡಿ, "ಡಾಕ್ಟ್ರು ಯಾವಾಗ ಬತ್ತಾರಮ್ಮ?" ಎಂದು ಕೇಳುವುದಿತ್ತು.

"ಅವ್ರು ಬರಲ್ಲ, ನಾನೇ ಬಂದ್ಬುಟ್ಟಿದ್ದೀನಿ. ಕಾಲು ತೋರ್ಸು," ಎಂದು ಸಿಡುಕುತ್ತಿದ್ದರು.

ಯಾರೇ ಮೊಣಕಾಲು ನೋವೆಂದು ಬರಲಿ, ಮೊದಲು ಅವರನ್ನು ಕಾರಿಡಾರಿನಲ್ಲಿ ನಡೆಸುತ್ತಿದ್ದರು. ತಾವು ಅವರ ಹಿಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಾಲಿನ ಗೆರೆ ನೋಡುತ್ತಿದ್ದರು. ಸೀರೆಯ ನೆರಿಗೆಗೆ ಧೂಳಾಗುತ್ತಿತ್ತು. ದೊಡ್ಡ ಡಾಕ್ಟರು ಹಾಗೆ ನೆಲಕ್ಕೆ ಕೂರಬಾರದೆಂದು ಆಸ್ಪತ್ರೆಯ ಮ್ಯಾನೇಜರು ಒಮ್ಮೆ ಹೇಳಿ ಬೈಸಿಕೊಂಡಿದ್ದ.

ಇನ್ನೊಂದು ಅಭ್ಯಾಸವಿತ್ತು. ರೋಗಿಗಳ ಜೊತೆ ಆಕೆಯದು ತೆಲುಗು, ಮೆತ್ತಗಿನ ತೆಲುಗು. ಆಡಳಿತದವರ ಜೊತೆ ಇಂಗ್ಲಿಷ್. ಸಿಟ್ಟು ಬಂದರೆ ಮಾತ್ರ ಕನ್ನಡ, ಅದೂ ಬ್ರಹ್ಮಸಮುದ್ರದ ಹೊಲದ ಬದುವಿನ ಮೇಲಿನ ಕನ್ನಡ. ಆಪರೇಷನ್ ಥಿಯೇಟರಿನಲ್ಲಿ ಆಕೆಯ ಬಾಯಲ್ಲಿ ಕನ್ನಡ ಕೇಳಿಸಿತೆಂದರೆ ನಾವೆಲ್ಲ ನೆಟ್ಟಗೆ ನಿಲ್ಲುತ್ತಿದ್ದೆವು. ಪರಿಗಿ ಹತ್ತಿರದ ಹಳ್ಳಿಯವಳಾದ ನನಗೆ ಅದು ಮನೆಮಾತು. ಹಾಗಾಗಿ ಬೈಗುಳದ ಹೆಚ್ಚಿನ ಪಾಲೂ ನನಗೇ ಸಿಗುತ್ತಿತ್ತು.

ಎರಡು ಸಾವಿರದ ದಶಕದ ನಡುವೆ ಹಿಂದೂಪುರದಲ್ಲಿ ಆಗ ನಾವಿದ್ದ ಆಸ್ಪತ್ರೆಗೆ ಆ ಯಂತ್ರ ಬಂತು. ತರಿಸಿದ್ದು ಆಕೆಯೇ. ಆಸ್ಪತ್ರೆಯ ಯಜಮಾನನ ಹಿಂದೆ ಬಿದ್ದು, ಜಗಳವಾಡಿ, ಇನ್ನೆಲ್ಲೋ ಬಳಸಿ ಬಿಟ್ಟಿದ್ದ ಯಂತ್ರವನ್ನು ತರಿಸಿಕೊಂಡಿದ್ದರು. ಒಂದು ಕಂಪ್ಯೂಟರು, ಒಂದು ಪರದೆ, ಉದ್ದನೆಯ ಕೈಯ ತುದಿಯಲ್ಲಿ ಎರಡು ಕಣ್ಣಿನ ಒಂದು ಕ್ಯಾಮೆರಾ. ರೋಗಿಯ ತೊಡೆಯ ಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ಸಣ್ಣ ಮೊಳೆಗಳನ್ನು ಕೂರಿಸಿ, ಅವುಗಳ ಮೇಲೆ ಗೋಲಿಯಂಥ ಬೂದು ಗುಂಡುಗಳಿರುವ ಚೌಕಟ್ಟೊಂದನ್ನು ಸಿಕ್ಕಿಸುತ್ತಿದ್ದೆವು. ಮೂಳೆ ಕೊಯ್ಯುವ ಸಲಕರಣೆಗಳಿಗೂ ಅಂಥದೇ ಗುಂಡುಗಳು. ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ, ಗುಂಡುಗಳು ಆ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ. ಅದರಿಂದ ಯಾವುದು ಎಲ್ಲಿದೆಯೆಂದು ಲೆಕ್ಕ ಹಾಕಿ ಕಂಪ್ಯೂಟರು ಪರದೆಯ ಮೇಲೆ ಮೂಳೆಯನ್ನೂ ಅಲಗನ್ನೂ ಬರೆದು ತೋರಿಸುತ್ತದೆ. ಅಲಗು ಕೂದಲೆಳೆಯಷ್ಟು ಓರೆಯಾದರೂ ಪರದೆಯಲ್ಲಿ ಗೊತ್ತಾಗುತ್ತದೆ.

ಮೊದಮೊದಲು ನಾನು ಗೊತ್ತಿಲ್ಲದೆ ಕ್ಯಾಮೆರಾಕ್ಕೆ ಅಡ್ಡ ನಿಲ್ಲುತ್ತಿದ್ದೆ. ಪರದೆಯ ಮೇಲಿನ ಮೂಳೆ ಮಾಯವಾಗುತ್ತಿತ್ತು.

"ಅದ್ರ ಕಣ್ಗೆ ಬೆನ್ನು ಕೊಡ್ಬ್ಯಾಡ ಕಣಮ್ಮ! ನೀನೇನು ಗಾಜಿನ ಬೊಂಬೆಯಾ?"

ಇಷ್ಟೆಲ್ಲ ಜಗಳವಾಡಿ ಯಂತ್ರ ಯಾಕೆಂದು ಒಮ್ಮೆ ಚಹಾ ಕುಡಿಯುವಾಗ ಕೇಳಿದ್ದೆ. ಆಕೆ ಎದ್ದುಹೋಗಿ ಒಂದು ಎಕ್ಸ್‌ರೇ ತಂದು ಕಿಟಕಿಯ ಬೆಳಕಿಗೆ ಹಿಡಿದರು. ತೊಡೆಯ ಮೂಳೆ ಬಿಲ್ಲಿನ ಹಾಗೆ ಬಾಗಿತ್ತು.

"ನಮ್ಮ ಬೋರಿನ ನೀರು ಕುಡಿದ ಮೂಳೆ ಇದು. ಫ್ಲೋರೈಡು. ಮೊಣಕಾಲು ಬದ್ಲಾಯ್ಸೋವಾಗ ಮೂಳೆ ಒಳಗೆ ನೆಟ್ಟನೆ ಕಂಬಿ ತೂರಿಸಿ, ಅದ್ರ ನೇರಕ್ಕೆ ಕೊಯ್ಯಬೇಕು. ಈ ಸೊಟ್ಟ ಮೂಳೆಗೆ ಕಂಬಿ ಎಲ್ಲಿ ಹೋಯ್ತದೆ? ದೊಡ್ಡೂರಿನೋರು ಇಂಥೋರನ್ನ ವಾಪಸ್ ಕಳಿಸ್ಬುಡ್ತಾರೆ. ಕ್ಯಾಮೆರಾಕ್ಕೆ ಕಂಬಿ ಬ್ಯಾಡ. ನಮ್ಮೂರ ಮೂಳೆ ನೋಡ್ಕೊಂಡೇ ಇದನ್ನ ಮಾಡಿದ್ದಾರೇನೋ ಅನ್ನಿಸ್ತದೆ ನಂಗೆ."

ಇಷ್ಟು ಹೇಳುವಾಗ ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಕನ್ನಡದಲ್ಲಿ ಸಿಟ್ಟಿಲ್ಲದೆ ಆಕೆ ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅಪರೂಪ.

ಯಜಮಾನನಿಗೆ ಯಂತ್ರ ಬೇರೆ ಕಾರಣಕ್ಕೆ ಬೇಕಿತ್ತು. ಆತ ಡಾಕ್ಟರಲ್ಲ, ಬೇರೆ ಬೇರೆ ವ್ಯಾಪಾರಗಳ ನಡುವೆ ಆಸ್ಪತ್ರೆಯನ್ನೂ ಕಟ್ಟಿಸಿದವನು. ಯಂತ್ರ ಬಂದ ವಾರದಲ್ಲೇ ಊರ ತುಂಬ ಬ್ಯಾನರು ಹಾಕಿಸಿದ. ಮೈಕು ಕಟ್ಟಿದ ಜೀಪು ಮಡಕಶಿರಾ, ಕಲ್ಯಾಣದುರ್ಗಗಳ ಬೀದಿಯಲ್ಲಿ 'ಕಂಪ್ಯೂಟರ್ ಮೊಣಕಾಲು ಶಿಬಿರ' ಎಂದು ಕೂಗುತ್ತ ಓಡಾಡಿತು. ಕಂಪ್ಯೂಟರೇ ಆಪರೇಷನ್ ಮಾಡುತ್ತದೆ, ತಪ್ಪುವ ಮಾತೇ ಇಲ್ಲ ಎಂದು ಆ ಜೀಪಿನವನು ಹೇಳಿದ್ದನ್ನು ಕೇಳಿ ಆಕೆ ನಡುಬೀದಿಯಲ್ಲಿ ಜೀಪು ತಡೆದು ನಿಲ್ಲಿಸಿ, ಅವನ ಮೈಕಿನ ವೈರು ಕಿತ್ತುಬಿಟ್ಟಿದ್ದರು.

ಆ ಬೂದು ಗುಂಡುಗಳು ಒಂದೇ ಸಲದ ಬಳಕೆಗೆ ಮಾಡಿದವು. ಒಂದು ಆಪರೇಷನ್ ಆದಮೇಲೆ ಎಸೆಯಬೇಕು. ಅವುಗಳ ಮೈಮೇಲಿನ ತೆಳು ಪದರವೇ ಬೆಳಕನ್ನು ಹಿಂದಕ್ಕೆ ಕಳಿಸುವುದು. ತೊಳೆದರೆ, ಉಜ್ಜಿದರೆ ಪದರ ಏಳುತ್ತದೆ. ಕೆಲವು ತಿಂಗಳಲ್ಲೇ ಸ್ಟೋರಿನಿಂದ ತೊಳೆದ ಗುಂಡುಗಳು ಬರತೊಡಗಿದವು. ನಾನು ಪ್ಯಾಕೆಟ್ ಬಿಚ್ಚಿದೊಡನೆ ಬಣ್ಣ ನೋಡಿ ಆಕೆಗೆ ಹೇಳಿದೆ. ಆಕೆ ಅವನ್ನೆಲ್ಲ ಬೊಗಸೆಯಲ್ಲಿ ತುಂಬಿಕೊಂಡು ಹೋಗಿ ಸ್ಟೋರಿನ ಮೇಜಿನ ಮೇಲೆ ಸುರಿದರು. ಸ್ವಲ್ಪ ದಿನ ಹೊಸವು ಬಂದವು. ಮತ್ತೆ ಹಳೆಯವು. ಮತ್ತೆ ಜಗಳ.

ಒಂದು ದಿನ ಯಜಮಾನ ಊರಿನ ದೊಡ್ಡವರನ್ನೂ ಕೇಬಲ್ ಟೀವಿಯವರನ್ನೂ ಕರೆಸಿ ಮೇಲಿನ ಹಾಲಿನಲ್ಲಿ ಕೂರಿಸಿದ. ಕೆಳಗೆ ಥಿಯೇಟರಿನಲ್ಲಿ ನಡೆಯುವ ಆಪರೇಷನ್ನಿನ ಪರದೆ ಅವರಿಗೆ ಅಲ್ಲಿಯೇ ಕಾಣುವಂತೆ ಏರ್ಪಾಡಾಗಿತ್ತು. ರೋಗಿ ಒಬ್ಬ ನಿವೃತ್ತ ಮೇಷ್ಟ್ರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಆತ ಎಚ್ಚರವಾಗಿಯೇ ಇದ್ದರು. ಅಂದಿನ ಪ್ಯಾಕೆಟ್ಟು ಹೊಸದರ ಹಾಗೇ ಸೀಲಾಗಿತ್ತು. ಥಿಯೇಟರಿನ ದೀಪದಲ್ಲಿ ಗುಂಡುಗಳೂ ಹೊಸವೇ ಅನ್ನಿಸಿದವು.

ಮೂಳೆ ಕೊಯ್ಯುವ ಮೊದಲು ಆಕೆ ಯಾವಾಗಲೂ ಒಂದು ಪರೀಕ್ಷೆ ಮಾಡುತ್ತಿದ್ದರು. ಗುಂಡುಗಳಿರುವ ಪೆನ್ನಿನಂಥ ಕಡ್ಡಿಯ ತುದಿಯನ್ನು ಮೂಳೆಯ ಮೇಲಿಟ್ಟು, ಪರದೆಯಲ್ಲಿ ಅದು ಎಲ್ಲಿದೆಯೆಂದು ನೋಡುವುದು. ಅಂದು ಕಡ್ಡಿಯ ತುದಿ ಮೂಳೆಯನ್ನು ಒತ್ತಿ ನಿಂತಿತ್ತು. ಪರದೆಯಲ್ಲಿ ಅದೇ ತುದಿ ಮೂಳೆಗೆ ತಾಗದೆ ಗಾಳಿಯಲ್ಲಿ ತೇಲುತ್ತಿತ್ತು.

ಆಕೆ ಮತ್ತೊಂದು ಜಾಗ ಮುಟ್ಟಿದರು. ಅಲ್ಲಿಯೂ ಹಾಗೇ. ಬಗ್ಗಿ ಗುಂಡುಗಳನ್ನು ಹತ್ತಿರದಿಂದ ನೋಡಿದರು.

"ಸಿಪ್ಪೆ ಸುಲ್ದೈತೆ," ಅಂದರು. ಕನ್ನಡದಲ್ಲಿ.

ಮೇಲಿನ ಹಾಲಿನಿಂದ ಸ್ಪೀಕರಿನಲ್ಲಿ ಯಜಮಾನನ ದನಿ ಬಂತು. "ಮೇಡಂ, ಯಾಕೆ ನಿಲ್ಲಿಸಿದ್ರಿ? ಎಲ್ಲಾರೂ ನೋಡ್ತಾವ್ರೆ."

"ಹೊಸ ಗುಂಡು ಕಳ್ಸಿ."

"ಅವೇ ಇರೋದು ಮೇಡಂ. ಮುಂದ್ವರ್ಸಿ, ಏನಾಗಲ್ಲ."

ಆಕೆ ನನ್ನ ಕಡೆ ನೋಡಿ, "ಬಂದ್ ಮಾಡಮ್ಮ ಅದನ್ನ" ಎಂದರು. ನಾನು ಹೋಗಿ ಪರದೆಯ ಸ್ವಿಚ್ಚು ಆರಿಸಿದೆ. ಸ್ಪೀಕರು ಇನ್ನೂ ಗೊರಗೊರ ಎನ್ನುತ್ತಿತ್ತು. ಆಕೆ ತಲೆಯೆತ್ತಿ, "ಮ್ಯಾಲೆ ಕುಂತಿರೋರೆಲ್ಲ ಎದ್ದೋಗಿ. ಇದು ಸಿನಿಮಾ ಅಲ್ಲ, ಮನ್ಷನ ಕಾಲು!" ಎಂದು ಕೂಗಿದರು.

ಟೇಬಲ್ಲಿನ ಮೇಲಿದ್ದ ಮೇಷ್ಟ್ರು ಏನಾಯಿತೋ ಎಂದು ಗಾಬರಿಯಾಗಿ, "ಏಮೈಂದಮ್ಮಾ?" ಎಂದು ಕೇಳಿದರು.

"ಏಮೀ ಕಾಲೇದು ಸಾರ್. ಮೀ ಕಾಲು ಬಾಗುಂದಿ," ಏನೂ ಆಗಿಲ್ಲ, ನಿಮ್ಮ ಕಾಲು ಚೆನ್ನಾಗಿದೆ ಎಂದು ಆಕೆ ಅದೇ ಉಸಿರಿನಲ್ಲಿ, ಮಗುವನ್ನು ಮಲಗಿಸುವ ದನಿಯಲ್ಲಿ ತೆಲುಗಿನಲ್ಲಿ ಹೇಳಿದರು.

ಮೇಷ್ಟ್ರ ಮೂಳೆ ನೆಟ್ಟಗಿತ್ತು. ಹಳೆಯ ಪದ್ಧತಿಯಂತೆ ಕಂಬಿ ಹಾಕಿ, ಕೈಯ ಅಂದಾಜಿನಲ್ಲಿ ಕೆಲಸ ಮುಗಿಸಿದರು. ಆತ ಆಮೇಲೆ ಚೆನ್ನಾಗಿ ನಡೆದರು. ಆದರೆ ಯಜಮಾನನ ಮುಖಕ್ಕೆ ಮಸಿ ಬಳಿದಂತಾಗಿತ್ತು. ಆಕೆಯನ್ನು ಕೋಣೆಗೆ ಕರೆಸಿದ. ಥಿಯೇಟರಿನ ಉಸ್ತುವಾರಿ ನನ್ನದಾದ್ದರಿಂದ ನನ್ನನ್ನೂ ನಿಲ್ಲಿಸಿಕೊಂಡ.

"ತೊಳ್ದು ಶುದ್ಧ ಮಾಡೇ ಕೊಟ್ಟಿದ್ದಲ್ಲ ಮೇಡಂ? ಕೊಳೆ ಇತ್ತಾ?"

"ಕೊಳೆ ಇರ್ಲಿಲ್ಲ. ಕ್ಯಾಮೆರಾ ಮೂಳೆ ನೋಡಲ್ಲ, ಅಲಗು ನೋಡಲ್ಲ. ಗುಂಡು ನೋಡ್ತದೆ ಅಷ್ಟೇ. ಸುಲ್ದಿರೋ ಗುಂಡನ್ನ ಅದು ಬೇರೆ ಜಾಗದಾಗೆ ಐತೆ ಅಂತ ತಿಳ್ಕೊತದೆ. ನಾನು ನೆಟ್ಟಗೆ ಕೊಯ್ತಾ ಇದ್ದೀನಿ ಅಂತ ಪರದೆ ಹೇಳ್ತದೆ, ಮೂಳೆ ಸೊಟ್ಟ ಆಗ್ತಿರ್ತದೆ. ಅರ್ಥ ಆಯ್ತಾ?"

"ನಿಮಗೆ ಯಂತ್ರ ಬೇಕು ಅಂದ್ರಿ, ತಂದ್ಕೊಟ್ಟೆ. ಈಗ ನಂಗೇ ಪಾಠ ಹೇಳ್ತೀರಾ?"

"ಪಾಠ ಅಲ್ಲ. ಇನ್ನೊಂದ್ಸಲ ಆ ಗುಂಡು ಥಿಯೇಟ್ರಿಗೆ ಬಂದ್ರೆ ಪೋಲೀಸ್ನೋರ ಜೊತೆ ಬತ್ತೀನಿ."

ಆಕೆಗೆ ಇನ್ನು ಬರುವುದು ಬೇಡವೆಂದರು. ನನ್ನನ್ನು ಥಿಯೇಟರಿನಿಂದ ತೆಗೆದು ಹೆಂಗಸರ ವಾರ್ಡಿಗೆ ಹಾಕಿದರು. ಯಂತ್ರ ಅಲ್ಲೇ ಉಳಿಯಿತು. ಗುಂಡುಗಳೂ ಉಳಿದವು. ಹೊಸ ಡಾಕ್ಟರೊಬ್ಬ ಬಂದ. ಏನು ಕೊಟ್ಟರೂ ಮರುಮಾತಾಡದೆ ಹಾಕಿಕೊಳ್ಳುವವನು. ಕಡ್ಡಿ ಮುಟ್ಟಿಸಿ ನೋಡುವ ಪರೀಕ್ಷೆ ಆತನಿಗೆ ಸಮಯ ಹಾಳೆಂದು ಥಿಯೇಟರಿನ ಹುಡುಗಿಯರು ಹೇಳುತ್ತಿದ್ದರು.

ಆಕೆ ಕಲ್ಯಾಣದುರ್ಗಕ್ಕೆ ಹೋದರು. ಬಸ್ ನಿಲ್ದಾಣದ ಹತ್ತಿರ ಎರಡು ಕೋಣೆಯ ಕ್ಲಿನಿಕ್ಕು. ಮುರಿದ ಕೈಗೆ ಪಟ್ಟಿ, ಜಾರಿದ ಭುಜ, ಶೇರ್ ಜೀಪಿನಿಂದ ಬಿದ್ದವರ ಕಾಲು. ರಜೆಯ ದಿನ ಒಮ್ಮೆ ನಾನು ನೋಡಲು ಹೋದೆ. ಪ್ಲಾಸ್ಟರು ಮೆತ್ತಿದ ಕೈಯಲ್ಲೇ ನನಗೆ ಬೇಯಿಸಿದ ಕಡಲೆಕಾಯಿ ಕೊಟ್ಟು, "ಇನ್ನೂ ಅಲ್ಲೇ ಸಾಯ್ತಿದ್ದೀಯಾ?" ಎಂದು ಕೇಳಿದರು.

ಅಷ್ಟರಲ್ಲಿ ಬಾಗಿಲಲ್ಲಿ ನರಸಕ್ಕ ಬಂದು ನಿಂತಳು. ನಿಲ್ದಾಣದ ಎದುರು ಇಡ್ಲಿ ಹೋಟೆಲು ನಡೆಸುವವಳು. ಗಂಡನಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ನಿಂತೇ ಇರಬೇಕು. ಮೈಕಿನ ಜೀಪಿನ ಮಾತು ನಂಬಿ, ಶಿಬಿರಕ್ಕೆ ಹೋಗಿ, ಹಿಂದೂಪುರದಲ್ಲಿ ಮೊಣಕಾಲು ಹಾಕಿಸಿಕೊಂಡಿದ್ದಳು.

"ನಡಿ," ಎಂದು ಆಕೆ ನೆಲಕ್ಕೆ ಕುಳಿತರು.

ನರಸಕ್ಕ ನಡೆದಳು. ನನಗೂ ಕಾಣಿಸಿತು. ಮೊಣಕಾಲಿನ ಕೆಳಗಿನ ಕಾಲು ಹೊರಕ್ಕೆ ಹೊರಟಿತ್ತು. ಹೆಜ್ಜೆಹೆಜ್ಜೆಗೂ ಗೋಡೆ ಹಿಡಿಯುತ್ತಿದ್ದಳು. "ಮೊದ್ಲು ನೋವಿತ್ತು ಮೇಡಂ, ನಿಂತ್ಕಳೋಕಾದ್ರೂ ಆಗ್ತಿತ್ತು. ಈಗ ನಿಂತ್ಕಳೋಕೂ ಆಗಲ್ಲ. ಕಂಪ್ಯೂಟ್ರು ಮಾಡೈತೆ, ತಪ್ಪಿರಲ್ಲ, ನೀನೇ ಸರ್ಯಾಗಿ ನಡೀತಿಲ್ಲ ಅಂತಾರೆ."

ಆಕೆ ಅವಳ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತೊಡೆಯ ಮೂಳೆ ಬಿಲ್ಲಿನ ಹಾಗೆ ಬಾಗಿತ್ತು. ಯಾರಿಗಾಗಿ ಆ ಯಂತ್ರ ತರಿಸಿದ್ದರೋ ಅಂಥವಳೇ ಇವಳು. ಕಂಬಿ ಹೋಗದ ಮೂಳೆ. ಕ್ಯಾಮೆರಾ ಒಂದೇ ದಾರಿ. ಆ ದಾರಿಯನ್ನೇ ಕೆಡಿಸಿ ಇವಳನ್ನು ಅದರ ಮೇಲೆ ನಡೆಸಿದ್ದರು.

ಮಾರನೆಯ ದಿನ ನಾನು ವಾರ್ಡಿನಲ್ಲಿದ್ದಾಗ ಕೆಳಗಿನಿಂದ ಗಲಾಟೆ ಕೇಳಿಸಿತು. ಇಳಿದು ಬಂದರೆ ಆಕೆ! ನರಸಕ್ಕನನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದು, ರೋಗಿಗಳು ಕಾಯುವ ಹಾಲಿನ ನಡುವೆ ನಿಂತಿದ್ದರು. ಎಕ್ಸ್‌ರೇಯನ್ನು ಎತ್ತಿ ಹಿಡಿದು, ಬೆಂಚುಬೆಂಚಿಗೆ ತೋರಿಸುತ್ತ ಕನ್ನಡದಲ್ಲಿ ಕೂಗುತ್ತಿದ್ದರು.

"ನೋಡ್ರಪ್ಪ, ನೋಡ್ರಮ್ಮ! ಇದು ಕಂಪ್ಯೂಟ್ರು ಮಾಡಿದ್ದಲ್ಲ. ಕಂಪ್ಯೂಟ್ರಿನ ಕಣ್ಣು ಕಿತ್ತು ಈ ಮನ್ಷ ಮಾಡಿಸಿದ್ದು! ಆ ಬ್ಯಾನರು ನಂಬಿ ಬಂದೋರು ಯಾರ್ಯಾರಿದ್ದೀರಿ? ಗುಂಡು ಹೊಸವಾ ಹಳೇವಾ ಅಂತ ಕೇಳಿ. ಕೇಳಿ, ಆಮ್ಯಾಕೆ ಮಲಿಕ್ಕಳಿ!"

ಯಜಮಾನ ಮೆಟ್ಟಿಲ ಮೇಲೆ ನಿಂತು ಕಾವಲುಗಾರರಿಗೆ ಸನ್ನೆ ಮಾಡಿದ. ಅವರಿಬ್ಬರೂ ಮುಂದೆ ಬರಲಿಲ್ಲ. ಒಬ್ಬನ ತಾಯಿಯ ಸೊಂಟದ ಮೂಳೆಯನ್ನು ಆಕೆಯೇ ಸರಿಮಾಡಿದ್ದರು. ಕೊನೆಗೆ ಪೋಲೀಸರು ಬಂದು ಆಕೆಯನ್ನು ಕರೆದುಕೊಂಡು ಹೋದರು. ಅಂದೇ ನಾನು ಕೆಲಸ ಬಿಟ್ಟೆ.

ಆಕೆ ದೂರು ಕೊಟ್ಟರು. ವಿಚಾರಣೆಗೆ ಡಾಕ್ಟರುಗಳ ಸಮಿತಿಯಾಯಿತು. ನಾನು ಹೋಗಿ ಕಂಡದ್ದನ್ನೆಲ್ಲ ಹೇಳಿದೆ. ಕೆಲಸ ಬಿಟ್ಟ ನರ್ಸಿನ ಮಾತು, ಅದರ ಹಿಂದೆ ದ್ವೇಷವಿರುತ್ತದೆ ಎಂದು ಅವರಲ್ಲೊಬ್ಬ ನನ್ನ ಎದುರೇ ಪಕ್ಕದವನಿಗೆ ಹೇಳಿದ. ಆದರೆ ನರಸಕ್ಕನ ಕಾಲನ್ನು ಅವರೂ ಅಲ್ಲಗಳೆಯುವಂತಿರಲಿಲ್ಲ. ಯಜಮಾನನಿಗೆ ಭಯ ಹತ್ತಿದ್ದು ಆಗಲೇ.

ಆತನ ಮ್ಯಾನೇಜರು ಕಲ್ಯಾಣದುರ್ಗಕ್ಕೆ ಬಂದ. ಆ ದಿನವೂ ನಾನು ಕ್ಲಿನಿಕ್ಕಿನಲ್ಲಿದ್ದೆ. ಆತ ಮಾತಿಗೆ ಬೆಣ್ಣೆ ಹಚ್ಚಿ ಮುಂದಿಟ್ಟ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ, ಒಳ್ಳೆಯ ಕ್ಯಾಮೆರಾ ಇರುವಲ್ಲಿ, ನರಸಕ್ಕನ ಕಾಲನ್ನು ಮತ್ತೆ ಮಾಡಿಸಿಕೊಡುತ್ತಾರೆ. ಪೂರ್ತಿ ಅವರ ಹೊಣೆ. ನರಸಕ್ಕ ಸಮಿತಿಯ ಮುಂದೆ ಒಂದೇ ಮಾತು ಹೇಳಬೇಕು. ಆಪರೇಷನ್ ಆದಮೇಲೆ ಬಚ್ಚಲಲ್ಲಿ ಜಾರಿ ಬಿದ್ದೆ, ಕಾಲು ಸೊಟ್ಟಗಾದದ್ದು ಅದರಿಂದ.

ಆತ ಹೊರಗೆ ಹೋಗಿ ನಿಂತಮೇಲೆ ನರಸಕ್ಕ ತಲೆ ಅಲ್ಲಾಡಿಸಿದಳು. "ನಾನ್ಯಾಕೆ ಸುಳ್ಳು ಹೇಳ್ಲಿ ಮೇಡಂ? ನಾನು ಬಿದ್ದಿಲ್ಲ. ನಿಮ್ಮನ್ನ ಸುಳ್ಳಿ ಅಂತಾರೆ ಆಮ್ಯಾಕೆ."

"ಅನ್ಲಿ."

"ಇಷ್ಟೆಲ್ಲ ಕೂಗಾಡಿದ್ರಿ..."

"ಲೇ ನರಸಕ್ಕ, ಇಲ್ಲಿ ಕೇಳು. ಸಮಿತಿಯೋರು ನಿನ್ನ ಕಡೆಗೇ ಹೇಳಿದ್ರೂ ನಿನ್ ಕಾಲು ನೆಟ್ಟಗಾಗಲ್ಲ. ಆ ಕ್ಯಾಮೆರಾ ನಂತಾವ ಇಲ್ಲ. ಇದ್ದಿದ್ರೆ ಆ ನನ್ಮಗನ ಮಕ ನೋಡ್ತಿರ್ಲಿಲ್ಲ ನಾನು. ಕಾಲು ನಿಂದು ಕಣಮ್ಮ, ಸಿಟ್ಟು ನಂದು. ನೀನು ನಿನ್ ಕಾಲು ನೋಡ್ಕೊ. ನನ್ ಸಿಟ್ಟು ನಾನು ನೋಡ್ಕೊತೀನಿ. ಹೋಗು, ಬಿದ್ದೆ ಅಂತ ಹೇಳು. ಯಾವತ್ತೂ ಈ ಮಾತು ಹಿಂದಕ್ಕೆ ತಕಬ್ಯಾಡ, ಅವ್ರು ನಿನ್ನ ಸುಮ್ನೆ ಬಿಡಲ್ಲ."

ನರಸಕ್ಕ ಅಳುತ್ತ ಹೋದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಕೆ ಎದ್ದು, ಬಾಗಿಲಿಗೆ ಹೋಗಿ ಮುಂದಿನ ರೋಗಿಯನ್ನು ಕರೆದರು. ಕನ್ನಡದಲ್ಲಿ. ಅದರ ಮುಂದಿನವರನ್ನೂ ಕನ್ನಡದಲ್ಲೇ. ಅವತ್ತಿಡೀ ಆಕೆಯ ಬಾಯಲ್ಲಿ ಒಂದು ತೆಲುಗು ಮಾತು ಬರಲಿಲ್ಲ.

ಸಮಿತಿ ತೀರ್ಪು ಕೊಟ್ಟಿತು. ದೂರಿಗೆ ಆಧಾರವಿಲ್ಲ, ವೈಯಕ್ತಿಕ ದ್ವೇಷದಿಂದ ಸಂಸ್ಥೆಯ ಹೆಸರು ಕೆಡಿಸಲಾಗಿದೆ ಎಂದು ಆಕೆಗೇ ಎಚ್ಚರಿಕೆ. ಯಜಮಾನ ಮಾತಿನಂತೆ ನರಸಕ್ಕನನ್ನು ಬೆಂಗಳೂರಿಗೆ ಕಳಿಸಿದ. ಆಕೆಯೂ ಜೊತೆಗೆ ಹೋದರು. ಅಲ್ಲಿನ ಡಾಕ್ಟರಿಗೆ ಎಕ್ಸ್‌ರೇ ವಿವರಿಸಿ, ಆಪರೇಷನ್ ಮುಗಿಯುವವರೆಗೂ ಥಿಯೇಟರಿನ ಮೂಲೆಯಲ್ಲಿ ನಿಂತಿದ್ದರಂತೆ. ಕ್ಯಾಮೆರಾಕ್ಕೆ ಅಡ್ಡವಾಗದ ಮೂಲೆ ಯಾವುದೆಂದು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡನೆಯ ಸಲ ಕೊಯ್ದ ಮೊಣಕಾಲು ಪೂರ್ತಿ ಮಡಚುವುದಿಲ್ಲ. ಆದರೆ ಕಾಲು ನೆಟ್ಟಗಾಯಿತು. ನರಸಕ್ಕ ಮತ್ತೆ ಒಲೆಯ ಮುಂದೆ ನಿಂತಳು.

ಆಮೇಲಿನ ವರ್ಷಗಳಲ್ಲಿ ಹಿಂದೂಪುರದಲ್ಲಿ ಆಕೆಯ ಹೆಸರೆತ್ತಿದರೆ, "ಓ, ಸುಳ್ಳು ಕಂಪ್ಲೇಂಟು ಕೊಟ್ಟೋರಾ?" ಎನ್ನುತ್ತಿದ್ದರು. ನಾನು ಬಾಯಿ ತೆರೆದರೆ ನರಸಕ್ಕನನ್ನು ಎಳೆದು ತರುತ್ತಾರೆಂದು ಆಕೆ ನನ್ನಿಂದಲೂ ಮಾತು ತೆಗೆದುಕೊಂಡಿದ್ದರು. ಯಂತ್ರ ಕೊನೆಗೆ ಕೆಟ್ಟು ನಿಂತಿತು. ಬ್ಯಾನರು ಮಾತ್ರ ಬಹಳ ದಿನ ಇತ್ತು. ಆಕೆ ಇನ್ನಷ್ಟು ಸಿಡುಕಿಯಾದರು. ಫೋನ್ ಮಾಡಿದಾಗಲೆಲ್ಲ ಯಾವುದಾದರೂ ಜಗಳದ ಸುದ್ದಿ: ಔಷಧಿ ಕಂಪನಿಯವರ ಜೊತೆ, ಪಂಚಾಯಿತಿಯ ನೀರಿನ ಟ್ಯಾಂಕಿನ ಬಗ್ಗೆ, ಮುರಿದ ಕೈಗೆ ಸೊಪ್ಪು ಕಟ್ಟಿಸಿಕೊಂಡು ತಡವಾಗಿ ಬಂದವರ ಜೊತೆ. ಹಾಗೇ ಒಂದು ದಿನ ಕ್ಲಿನಿಕ್ಕಿನಲ್ಲಿ ಯಾರದೋ ಕೈಗೆ ಪಟ್ಟಿ ಸುತ್ತುತ್ತಿರುವಾಗಲೇ ಕುಸಿದರು. ಐವತ್ತು ದಾಟಿತ್ತಷ್ಟೇ.

ಕಲ್ಯಾಣದುರ್ಗದ ಶಾಲೆಯೊಂದರ ಹಾಲಿನಲ್ಲಿ ಸಂತಾಪ ಸಭೆ ಮಾಡಿದರು. ಹಳ್ಳಿಗಳಿಂದ ಜನ ಆಟೋ, ಜೀಪು ಹತ್ತಿ ಬಂದಿದ್ದರು. ಕುಂಟುವವರು, ಕೋಲಿನವರು, ಈಗ ಕುಂಟದವರು. ವೇದಿಕೆಯ ಮೇಲೆ ಯಜಮಾನನನ್ನು ನೋಡಿ ನನಗೆ ರಕ್ತ ಕುದಿಯಿತು. ಈಗ ಆತ ಇನ್ನೂ ದೊಡ್ಡ ಮನುಷ್ಯ. ಕರೆಯದಿದ್ದರೂ ಬಂದು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದ. ಫೋಟೋಕ್ಕೆ ಎಲ್ಲರಿಗಿಂತ ದಪ್ಪ ಹಾರ ಆತನದೇ.

"ಈ ಸೀಮೆಗೆ ಕಂಪ್ಯೂಟರ್ ಸರ್ಜರಿ ತಂದದ್ದು ನಮ್ಮ ಸಂಸ್ಥೆ, ಮಾಡಿದ್ದು ನಮ್ಮ ಮೇಡಂ," ಎಂದ. "ನಡುವೆ ಸಣ್ಣ ತಪ್ಪು ತಿಳುವಳಿಕೆ ಆಯ್ತು. ಆದ್ರೆ ಆಯಮ್ಮ ಯಾವತ್ತೂ ನಮ್ಮೋರೇ. ಅವ್ರ ಹೆಸರು ಉಳಿಸೋದು ನಮ್ಮ ಕರ್ತವ್ಯ."

ಜನ ಚಪ್ಪಾಳೆ ತಟ್ಟಿದರು. ನಾನು ಏಳಲು ಹೋದೆ. ಆದರೆ ನನಗಿಂತ ಮುಂಚೆ ಹೆಂಗಸರ ಸಾಲಿನಿಂದ ನರಸಕ್ಕ ಎದ್ದಿದ್ದಳು. ಮಡಚದ ಕಾಲನ್ನು ಬಿಗಿಯಾಗಿ ಊರುತ್ತ, ಯಾರ ಕೈಯನ್ನೂ ಹಿಡಿಯದೆ, ವೇದಿಕೆಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು. ಹಾಡು ಹೇಳುತ್ತಾಳೇನೋ ಎಂದುಕೊಂಡು ಒಬ್ಬರು ಮೈಕನ್ನು ಅವಳ ಎತ್ತರಕ್ಕೆ ಇಳಿಸಿಕೊಟ್ಟರು.

"ನಾನು ಬಿದ್ದಿರ್ಲಿಲ್ಲ," ಅಂದಳು ನರಸಕ್ಕ.

ಹಾಲಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಯಜಮಾನನಿಗೆ ಆಯಿತು.

"ಬಚ್ಚಲಾಗೆ ಜಾರಿ ಬಿದ್ದೆ ಅಂತ ಡಾಕ್ಟ್ರುಗಳ ಮುಂದೆ ಹೇಳ್ದೆ. ಸುಳ್ಳು. ನನ್ ಕಾಲು ಸೊಟ್ಟ ಮಾಡಿದ್ದು ಇವ್ರ ಆಸ್ಪತ್ರೆ. ಬಿದ್ದೆ ಅಂತ ಹೇಳು, ಸರಿ ಮಾಡಿಸ್ತೀವಿ ಅಂದೋರೂ ಇವ್ರೇ. ಇಷ್ಟು ವರ್ಷ ಮೇಡಂ ನನ್ ಬಾಯಿ ಕಟ್ಟಿ ಹಾಕಿದ್ರು. ನಂಗೆ ತೊಂದ್ರೆ ಕೊಡ್ತಾರೆ ಅಂತ. ಮೇಡಮ್ನ ಸುಳ್ಳಿ ಅಂದ್ರು ಜನ, ನಾನು ಇಡ್ಲಿ ಹಾಕ್ಕೊಂಡು ಕೇಳಿಸ್ಕೊಂಡೆ. ಈಗ ಕಟ್ಟೋರಿಲ್ಲ."

ಯಜಮಾನ ಎದ್ದ. ಶಾಲು ಸರಿಮಾಡಿಕೊಂಡು ಮೆಟ್ಟಿಲಿನ ಕಡೆ ತಿರುಗಿದ. ನರಸಕ್ಕ ಮೈಕು ಬಿಡಲಿಲ್ಲ. ಹಿಂದಕ್ಕೆ ತಿರುಗಿ ಆತನನ್ನೇ ನೋಡಿದಳು.

"ಕುಂತ್ಕಳಪ್ಪ," ಅಂದಳು. "ಇನ್ನಾ ಮುಗ್ದಿಲ್ಲ."

ಮೆಟ್ಟಿಲ ಕೆಳಗೆ ಆಗಲೇ ಜನ ಎದ್ದು ನಿಂತಿದ್ದರು. ಆತ ಅವರನ್ನು ನೋಡಿದ, ಅವಳನ್ನು ನೋಡಿದ, ಕುಳಿತುಕೊಂಡ.